ಅಣ್ಣನ ಮೊಣಕಾಲು ಮತ್ತು ಈಜಿಪ್ಟಿನ ದೇವರುಗಳು

ನಾನು ಬಳ್ಳಾರಿಯ ಒಂದು ಪ್ರೌಢಶಾಲೆಯಲ್ಲಿ ಇತಿಹಾಸದ ಮಾಸ್ತರನಾಗಿದ್ದು ನಿವೃತ್ತನಾದವನು. ಪ್ರತಿ ಜೂನ್ ತಿಂಗಳಲ್ಲಿ ಪ್ರಾಚೀನ ಈಜಿಪ್ಟನ್ನು ಸ್ಥಾಪಿಸಿ, ಜುಲೈ ಮುಗಿಯುವುದರೊಳಗೆ ಅದನ್ನು ಅವನತಿಗೆ ತಂದುಬಿಡುತ್ತಿದ್ದೆ. ಅಷ್ಟು ದೊಡ್ಡ ನಾಗರಿಕತೆಗೆ ಇಲಾಖೆ ಮಂಜೂರು ಮಾಡಿದ ಆಯುಷ್ಯ ಅಷ್ಟೇ. ಹುಡುಗರಿಗೆ ಆ ಪಾಠದಲ್ಲಿ ರುಚಿಸುತ್ತಿದ್ದ ಭಾಗ ಒಂದೇ, ಹೆಣದ ಮಿದುಳನ್ನು ಮೂಗಿನೊಳಗಿಂದ ಕೊಕ್ಕೆ ಹಾಕಿ ಎಳೆಯುವುದು. ಅದನ್ನು ಹೇಳುವ ದಿನ ಹಾಜರಾತಿ ಭರ್ತಿ ಇರುತ್ತಿತ್ತು.

ಸಿರುಗುಪ್ಪದ ಹತ್ತಿರದ ಕರೂರಿನಲ್ಲಿ ಭತ್ತದ ಗದ್ದೆ ಮಾಡಿಸಿಕೊಂಡಿದ್ದ ನನ್ನ ಅಣ್ಣ ಈ ವಿದ್ಯೆಯನ್ನು ವಿದ್ಯೆಯೆಂದು ಎಂದೂ ಒಪ್ಪಲಿಲ್ಲ. ನಮ್ಮದು ಕೊರಳಿಗೆ ಲಿಂಗ ಕಟ್ಟಿಕೊಳ್ಳುವ ಮನೆತನ. ದೇವರು ಒಬ್ಬ, ಅವನು ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿದ್ದಾನೆ, ಅವನನ್ನು ಹುಡುಕಿಕೊಂಡು ಬಸ್ಸು ಹತ್ತಬೇಕಾಗಿಲ್ಲ ಎಂಬುದು ಅಣ್ಣನ ಒಟ್ಟು ಧರ್ಮಶಾಸ್ತ್ರ.

ಕಳೆದ ಬೇಸಿಗೆಯಲ್ಲಿ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದು, ಅವನು ಬಳ್ಳಾರಿಯ ಪಾರ್ವತಿನಗರದ ನನ್ನ ಮನೆಗೆ ಬಂದು ಮಲಗಿದ. ಆಸ್ಪತ್ರೆ ಹತ್ತಿರ ಎಂಬುದು ಕಾರಣ. ಅತ್ತಿಗೆಯೂ ಜೊತೆಗೆ ಬಂದರು. ಡಾಕ್ಟರು ಅವನು ಕೂರಲೇಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು. ಮಲಗಿಯೇ ಗಂಜಿ ಕುಡಿಯುತ್ತಿದ್ದ. ನಮ್ಮಲ್ಲಿ ಪೂಜೆಯೆಂದರೆ ನೆಟ್ಟಗೆ ಕೂತು, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಅದನ್ನು ದಿಟ್ಟಿಸುವುದು. ಅಣ್ಣ ಅದನ್ನೂ ಮಲಗಿಯೇ ಮಾಡಬೇಕಾಯಿತು. ಬಚ್ಚಲಿನ ಕೆಲಸಕ್ಕೆ ಇನ್ನೊಬ್ಬರ ಕೈ ಹಿಡಿಯುವಾಗಲೂ ನಾಚದವನು ಪೂಜೆಯ ಹೊತ್ತಿಗೆ ಬಾಗಿಲು ಮುಚ್ಚಿಸುತ್ತಿದ್ದ.

ಹೊತ್ತು ಹೋಗಬೇಕಲ್ಲ, ಈಜಿಪ್ಟಿನ ಪಾಠ ಹೇಳು ಅಂದ. ಇಲಾಖೆಯ ಅವಸರವಿಲ್ಲದೆ ನಾನು ಆ ಪಾಠ ಮಾಡಿದ್ದು ಅದೊಂದೇ ಸಲ. ನರಿಯ ಮುಖದವನು, ಗಿಡುಗನ ಮುಖದವನು, ಮೊಸಳೆಯ ಮುಖದವನು, ಹಸುವಿನ ಕಿವಿಯವಳು, ಎಲ್ಲರನ್ನೂ ಪರಿಚಯ ಮಾಡಿಕೊಟ್ಟೆ. ಅಷ್ಟು ಮಂದಿ ದೇವರಿದ್ದರೆ ಸತ್ತವನು ಮೊದಲು ಯಾರ ಮನೆಗೆ ಹೋಗಬೇಕು ಎಂಬುದು ಅವನ ತಕರಾರು. ತಹಸೀಲ್ದಾರರ ಕಚೇರಿ ಇದ್ದಂತೆ, ಮೇಜಿನಿಂದ ಮೇಜಿಗೆ ಹೋಗುವುದು, ಒಬ್ಬ ಸಿಟ್ಟಾದರೆ ಇನ್ನೊಬ್ಬನ ಕಾಲು ಹಿಡಿಯಬಹುದು ಎಂದೆ. ಒಬ್ಬನೇ ದೇವರೆಂದು ನಂಬಿದವರಿಗೆ ಆ ಅನುಕೂಲವಿಲ್ಲ, ಅವನು ರಜೆ ಮೇಲಿದ್ದರೆ ಕೆಲಸ ಕೆಟ್ಟಂತೆಯೇ ಎಂದೂ ಸೇರಿಸಿದೆ.

"ನಿಮ್ಮ ಈಜಿಪ್ಟಿನಾಂವ ರಜಾ ತಗೋತಾನಲೇ, ನನ್ನಾಂವಗ ನಾನ ರಜಾ ಕೊಟ್ಟಿಲ್ಲ" ಅಂದ ಅಣ್ಣ.

ಉಳಿದ ದೇವರನ್ನೆಲ್ಲ ವಜಾ ಮಾಡಿ ಸೂರ್ಯನೊಬ್ಬನೇ ದೇವರೆಂದು ಸಾರಿದ ದೊರೆಯೊಬ್ಬನ ಕಥೆ ಹೇಳಿದಾಗ ಅಣ್ಣನಿಗೆ ಬಹಳ ಸಮಾಧಾನವಾಯಿತು. ಅವನು ಸತ್ತ ಮೇಲೆ ಪೂಜಾರಿಗಳು ಹಳೆಯ ದೇವರನ್ನು ತಂದು ಕೂರಿಸಿ, ದೊರೆಯ ಹೆಸರನ್ನು ಗೋಡೆಗಳಿಂದ ಕೆತ್ತಿ ತೆಗೆದರು ಎಂದೆ. ಅಣ್ಣ ಫ್ಯಾನು ನೋಡುತ್ತಲೇ, "ಗ್ವಾಡಿ ಮ್ಯಾಲ ಬರಸಬಾರದಿತ್ತು" ಅಂದ.

ಅಲ್ಲಿನ ಹೆಣಗಳು ಮಂಚ, ಕುರ್ಚಿ, ರೊಟ್ಟಿ, ಹೆಂಡ, ದೋಣಿ ಸಮೇತ ಹೊರಡುತ್ತಿದ್ದುದು ಅವನಿಗೆ ನಗೆಪಾಟಲಾಗಿ ಕಂಡಿತು. ಒಬ್ಬನೇ ದೇವರೆನ್ನುವವರ ಪ್ರಯಾಣ ಹಗುರ. ಮುಸಲ್ಮಾನನಿಗೆ ಬಿಳಿ ಬಟ್ಟೆ ಸಾಕು, ಕ್ರೈಸ್ತನಿಗೆ ಮೇಲೊಂದು ಶಿಲುಬೆ. ದೇಹ ಇಲ್ಲೇ ಬಿಡುವ ಅಂಗಿ, ಅದಕ್ಕೇಕೆ ಇಷ್ಟು ಆರೈಕೆ ಎಂಬುದರಲ್ಲಿ ಅಣ್ಣ, ಮುಲ್ಲಾ, ಪಾದ್ರಿ ಮೂವರೂ ಒಂದೇ ಪಕ್ಷ. ಅದನ್ನು ಹೇಳಿದ ದಿನವೇ ಅವನು ಅತ್ತಿಗೆಯನ್ನೂ ಕರೆದು ಹತ್ತಿರ ನಿಲ್ಲಿಸಿಕೊಂಡು, ತನ್ನ ಏಕೈಕ ಆಸೆಯನ್ನು ತಿಳಿಸಿದ.

"ಸತ್ತ ಮ್ಯಾಲರ ನನ್ನ ಕುಂದರಸ್ರಿ. ಅವನ ಮುಂದ ಮಲಕ್ಕೊಂಡು ಹೋಗಾಕ ನಾಚಿಕಿ ಬರ್ತೈತಿ."

ದೇಹ ಅಂಗಿಯಾದರೆ ಮಡಚಿದರೇನು, ಹಾಸಿದರೇನು ಎಂದು ಕೇಳಬಹುದಿತ್ತು. ಅತ್ತಿಗೆಯ ಮುಖ ನೋಡಿ ಕೇಳಲಿಲ್ಲ.

ಆಸೆ ದೊಡ್ಡದೇನಲ್ಲ. ನಮ್ಮವರನ್ನು ಮಣ್ಣು ಮಾಡುವುದೇ ಕೂರಿಸಿ. ಉಸಿರು ನಿಂತು, ಕೀಲು ಸೆಟೆಯುವುದರೊಳಗೆ ಚಕ್ಕಳಮಕ್ಕಳ ಹಾಕಿ ಗೋಡೆಗೆ ಒರಗಿಸಿ ಕಟ್ಟುತ್ತಾರೆ. ಆಮೇಲೆ ಹಾಗೆಯೇ ಹೊತ್ತು ಒಯ್ದು, ಕುಣಿಯೊಳಗೆ ಕೊರೆದ ಗೂಡಿನಲ್ಲಿ ಇಡುತ್ತಾರೆ. ಇದಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಒಬ್ಬ ತಿಳಿದವನು, ಅಷ್ಟೇ.

ಮೇ ತಿಂಗಳ ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಅಣ್ಣ ತೀರಿಕೊಂಡ. ಅತ್ತಿಗೆ ಹಿಂದಿನ ದಿನವಷ್ಟೇ ಬಟ್ಟೆಬರೆ ತರಲು ಕರೂರಿಗೆ ಹೋಗಿದ್ದರು. ಫೋನಿನಲ್ಲಿ ಹೇಳುವ ಮಾತಲ್ಲವೆಂದು ನಾನೇ ಸಿರುಗುಪ್ಪದ ಬಸ್ಸು ಹತ್ತಿದೆ. ಹೆಣವನ್ನು ಅವನ ಮಗಳು, ಅಳಿಯನ ವಶಕ್ಕೆ ಬಿಟ್ಟು, ಕರೂರಿಗೆ ತರಲು ಹೇಳಿದೆ, ಕೂರಿಸುವ ಮಾತು ಆ ಗಡಿಬಿಡಿಯಲ್ಲಿ ಬಾಯಿಗೆ ಬರಲಿಲ್ಲ. ಅಳಿಯನದು ಕುರುಗೋಡಿನಲ್ಲಿ ಹಾರ್ಡ್‌ವೇರ್ ಅಂಗಡಿ. ಒಳ್ಳೆಯವನು, ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವನಲ್ಲ. ಸೊಲ್ಲಾಪುರದಿಂದ ನಮ್ಮ ತಂಗಿ ಬೆಳಗಿನ ರೈಲಿಗೆ ಬರುವವಳಿದ್ದಳು, ಬಿಸಿಲು ಬೆಂಕಿಯಂತಿತ್ತು. ಆದ್ದರಿಂದ ಅವನು ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆ ತರಿಸಿ, ಮಾವನನ್ನು ನೀಟಾಗಿ ನೆಟ್ಟಗೆ ಮಲಗಿಸಿ, ಕುರುಗೋಡಿನ ಜನ ದರ್ಶನ ಮಾಡಲೆಂದು ರಾತ್ರಿ ತನ್ನ ಮನೆಯಲ್ಲೇ ಇಟ್ಟುಕೊಂಡ. ಮಗಳು ಅಳುತ್ತಿದ್ದಳು, ಅವಳನ್ನು ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ವ್ಯಾನು ಕರೂರಿಗೆ ಬಂತು. ಕೂರಿಸಿ ಹೊರಲು ಬಿದಿರಿನ ವಿಮಾನ ಕಟ್ಟಿ ಸಿಂಗರಿಸಿ ಇಟ್ಟಿತ್ತು. ಪೆಟ್ಟಿಗೆ ತೆರೆದಾಗ ಅಣ್ಣ ಮರದ ತೊಲೆಯಂತೆ ಇದ್ದ. ಕ್ರಿಯಾವಿಧಿ ಮಾಡಿಸಲು ಬಂದಿದ್ದ ಅಯ್ಯನವರು ಮೊಣಕಾಲು ಮುಟ್ಟಿ ನೋಡಿ ಕೈ ಒರೆಸಿಕೊಂಡರು. ಏನೂ ಕೆಟ್ಟಿಲ್ಲ, ಈಗಿನ ಕಾಲದಲ್ಲಿ ಮಲಗಿಸಿ ಇಡುವುದೂ ನಡೆಯುತ್ತದೆ, ಎದೆಯ ಮೇಲೆ ಲಿಂಗವಿದ್ದರಾಯಿತು ಎಂದರು. ಅಳಿಯ ಮಾವನ ಮುಖವೊಂದಿಷ್ಟೂ ಬಾಡಿಲ್ಲವೆಂದು ಎಲ್ಲರಿಗೂ ತೋರಿಸುತ್ತಿದ್ದವನು, ವಿಷಯ ತಿಳಿದದ್ದೇ ಹೋಗಿ ವ್ಯಾನಿನ ಮರೆಗೆ ನಿಂತ.

ಕುಣಿ ಉದ್ದ ಮಾಡಿದರಾಯಿತು ಎಂದು ಕೆಲವರು ಗುದ್ದಲಿ ತರಲು ಎದ್ದರು. ಬಲವಂತವಾಗಿ ಬಗ್ಗಿಸೋಣ ಎಂದು ಇಬ್ಬರು ಸೊಂಟ, ಕಾಲು ಹಿಡಿದರು. ಒಳಗೆ ಏನೋ ಲಟಕ್ಕೆಂದಿತು. ಅತ್ತಿಗೆ ಅವರ ಕೈ ತೆಗೆದರು.

"ಮುರೀಬ್ಯಾಡ್ರಿ. ಮೆತ್ತಗಾಗೋತನಕ ಕಾಯ್ತೀನಿ."

ಬಿಸಿಲಿನಲ್ಲಿ ಏನೇನಾಗುತ್ತದೆ ಎಂದು ಅಯ್ಯನವರು ನಯವಾಗಿ ವಿವರಿಸಿದರು. "ಆಗ್ಲಿ" ಅಂದರು ಅತ್ತಿಗೆ.

ಹಾಗೆ ಅಣ್ಣನನ್ನು ಅಂಗಳದ ಬೇವಿನ ನೆರಳಿನಲ್ಲಿ ಚಾಪೆಯ ಮೇಲೆ ಇಟ್ಟೆವು. ಅತ್ತಿಗೆ ಒಂದು ಮೊಣಕಾಲಿಗೆ, ನಾನು ಇನ್ನೊಂದಕ್ಕೆ ಬಿಸಿ ಎಣ್ಣೆ ತಿಕ್ಕುತ್ತ ಕೂತೆವು. ಈಜಿಪ್ಟಿನವರು ಹೆಣ ಕೊಳೆಯಬಾರದೆಂದು ಕರುಳು ತೆಗೆದರು, ಉಪ್ಪಿನಲ್ಲಿ ಹೂತು ಒಣಗಿಸಿದರು, ಬಟ್ಟೆ ಸುತ್ತಿದರು. ಕೊಳೆತರೆ ಸತ್ತವನಿಗೆ ಆಚೆ ಬಾಳುವೆ ಇಲ್ಲ. ನಾವು ಅಂಗಳದಲ್ಲಿ ಕೂತು ನಮ್ಮವನು ಕೊಳೆಯಲು ಶುರುವಾಗಲಿ ಎಂದು ಕಾಯುತ್ತಿದ್ದೆವು. ಅದಾಗದೆ ಕೀಲು ಸಡಿಲಾಗದು, ಅವನು ದೇವರ ಮುಂದೆ ಕೂರುವಂತಿರಲಿಲ್ಲ. ದೇಹದ ಗೊಡವೆ ತನಗಿಲ್ಲ ಎಂದ ಧರ್ಮವೊಂದು ಮೊಣಕಾಲ ಚಿಪ್ಪಿನ ಮೇಲೆ ನಿಂತಿತ್ತು. ಇದನ್ನು ಹೇಳಿದರೆ ಒಳ್ಳೆಯ ಜಗಳವಾಡಬಲ್ಲವನು ಒಬ್ಬನೇ ಇದ್ದ, ಅವನ ಕಾಲನ್ನೇ ನಾನು ತಿಕ್ಕುತ್ತಿದ್ದೆ.

ಭಜನೆಯವರು ಮೊದಲು ಹತ್ತಿರವಿದ್ದರು, ಆಮೇಲೆ ಕಟ್ಟೆಗೆ ಸರಿದರು, ಆಮೇಲೆ ಓಣಿಯ ತಿರುವಿಗೆ. ವಾಸನೆ ಎದ್ದಂತೆ ನೆಂಟರಿಗೂ ಬಸ್ಸಿನ ಹೊತ್ತು ನೆನಪಾಗತೊಡಗಿತು. ನೊಣ ಹೊಡೆಯಲು ತಂಗಿ ಸೆರಗು ಬೀಸುತ್ತಿದ್ದಳು, ಅದೇ ಸೆರಗನ್ನು ಆಗಾಗ ಮೂಗಿಗೂ ಒಯ್ಯುತ್ತಿದ್ದಳು. ಅತ್ತಿಗೆ ಮಾತ್ರ ತಲೆ ಎತ್ತಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅವರ ಕೈಯಲ್ಲಿದ್ದ ಬಲಗಾಲು ಮಣಿಯಿತು. ನನ್ನ ಪಾಲಿನ ಎಡಗಾಲು ಅರ್ಧಕ್ಕೆ ನಿಂತಿತು.

ಸಿಂಗರಿಸಿದ ವಿಮಾನ ಹೊರಲು ಸಾಕಷ್ಟು ಹೆಗಲು ಉಳಿದಿರಲಿಲ್ಲ. ಅಳಿಯ ಮುಂದಿನ ಬಿದಿರಿಗೆ ಹೆಗಲು ಕೊಟ್ಟ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿಲ್ಲ. ಕುಣಿಯೊಳಗೆ ನಾನೂ ಅಯ್ಯನವರೂ ಇಳಿದು, ಅಣ್ಣನನ್ನು ಗೂಡಿಗೆ ಸೇರಿಸಿ, ಬೆನ್ನು ಗೋಡೆಗೆ ಆನಿಸಿದೆವು. ಕುತ್ತಿಗೆ ವಾಲಿತು, ಬಿಲ್ವಪತ್ರಿಯ ಗಂಟು ಒತ್ತುಕೊಟ್ಟು ನಿಲ್ಲಿಸಿದೆವು. ಎಡಗೈಯಲ್ಲಿ ಲಿಂಗವಿಟ್ಟು ಬೆರಳು ಮಡಚಿದೆ. ಸುತ್ತಲೂ ವಿಭೂತಿ, ಉಪ್ಪು ಸುರಿಯುತ್ತ ಬಂದರು. ಎಡಗಾಲು ಮಾತ್ರ ಎಷ್ಟು ಒತ್ತಿದರೂ ಉಪ್ಪಿನಿಂದ ಹೊರಗೆ ಚಾಚಿಕೊಂಡೇ ಇತ್ತು.

ಅತ್ತಿಗೆ ಕುಣಿಯ ಅಂಚಿನಲ್ಲಿ ಬಗ್ಗಿದ್ದರು. ಗೂಡು ಒಳಗಿದ್ದುದರಿಂದ ಅವರಿಗೆ ಏನೂ ಕಾಣುತ್ತಿರಲಿಲ್ಲ.

"ಮಾಸ್ತರಽ, ಕುಂತಾರೇನ್ರಿ?"

"ಕುಂತಾನ್ರಿ ಅತ್ತಿಗಿ. ಎಡಗಾಲು ಒಂದೀಟು ಚಾಚ್ಯಾನ."

"ಚಾಚ್ಲಿ ಬಿಡ್ರಿ" ಅಂದರು ಅವರು. "ಮನ್ಯಾಗೂ ಪೂಜಿಗೆ ಹಂಗ ಕುಂದರತಿದ್ರು."

ಅಯ್ಯನವರು ಮೊದಲು ಹತ್ತಿ, ನನ್ನನ್ನು ಕೈ ಹಿಡಿದು ಮೇಲಕ್ಕೆ ಎಳೆದುಕೊಂಡರು. ಅತ್ತಿಗೆ ಮೊದಲ ಹಿಡಿ ಮಣ್ಣನ್ನು ಕೆಳಗೆ ಬಿಟ್ಟರು.