ಹುಲ್ಲಿನ ಕೆಳಗಿನ ಕರೆಂಟು

ಬೀದಿಯವರೆಲ್ಲ ಅವನನ್ನು ಸದ್ಯಕ್ಕಣ್ಣ ಎಂದೇ ಕರೆಯುತ್ತಿದ್ದರು. ವೈರಿಂಗ್ ಕೆಲಸದವನು. ಫ್ಯಾನು ತಿರುಗದಿದ್ದರೆ, ಮೋಟಾರು ಕೂಗಿದರೆ, ಬೋರ್ಡಿನಿಂದ ಸುಟ್ಟ ವಾಸನೆ ಬಂದರೆ ಇವನಿಗೇ ಫೋನು. ಬರುತ್ತಿದ್ದ. ಬೈಕಿನ ಹ್ಯಾಂಡಲ್ಲಿಗೆ ಬಳೆಗಳಂತೆ ಸಿಕ್ಕಿಸಿಕೊಂಡ ಕಪ್ಪು ಟೇಪಿನ ಉರುಳೆಗಳಲ್ಲಿ ಒಂದನ್ನು ತೆಗೆದು, ಸುತ್ತಿ, ಹಲ್ಲಿನಲ್ಲಿ ಕಡಿದು, "ಸದ್ಯಕ್ಕೆ ನಡೆಯುತ್ತೆ, ಆಮೇಲೆ ಬಂದು ಸರಿಯಾಗಿ ಮಾಡ್ತೀನಿ" ಎನ್ನುತ್ತಿದ್ದ. ಆ 'ಆಮೇಲೆ' ಯಾರ ಮನೆಗೂ ಬಂದದ್ದಿಲ್ಲ. ಅವನ ಸ್ವಂತ ಮನೆಗೂ ಬಂದಿರಲಿಲ್ಲ. ಅಡುಗೆಮನೆಯ ಸ್ವಿಚ್ ಬೋರ್ಡು ಗೋಡೆಯಿಂದ ನಾಲಿಗೆ ಚಾಚಿದಂತೆ ಜೋತುಬಿದ್ದಿತ್ತು. "ಬೀದಿಗೆಲ್ಲ ಬೆಳಕು ಕೊಡ್ತೀರಿ, ನಂಗೆ ಮಾತ್ರ ಶಾಕು" ಎಂದು ಹೆಂಡತಿ ಹಂಗಿಸಿದರೆ, "ನೀನೂ ನಂಗೆ ದಿನಾ ಕೊಡ್ತೀಯಲ್ಲ, ಸರಿಹೋಯ್ತು ಬಿಡೇ" ಎಂದು ನಕ್ಕು ಹೊರಟುಬಿಡುತ್ತಿದ್ದ.

ಅವನೊಬ್ಬನನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಸರಿಯಾಗಿ ಮಾಡಿ ಹೋಗು ಎಂದು ಅವನನ್ನು ತಡೆದು ನಿಲ್ಲಿಸಿದವರು ಯಾರು? ದೀಪ ಹತ್ತಿತೋ, ಕಳಿಸಿಬಿಡುತ್ತೇವೆ. ಉರಿಯುವ ದೀಪದ ಹಿಂದೆ ಏನಿದೆ ಎಂದು ಕೇಳುವ ಅಭ್ಯಾಸವೇ ನಮಗಿಲ್ಲ.

ಬೀದಿಯ ಕೊನೆಯ ಮನೆಯನ್ನೇ ನೋಡಿ. ಅಂಗಳದ ಹುಲ್ಲುಹಾಸಿನ ಸುತ್ತ ಸೊಂಟದೆತ್ತರದ ಐದು ಕಬ್ಬಿಣದ ದೀಪದ ಕಂಬಗಳು. ಹುಲ್ಲು ಹಾಸುವಾಗ ನೆಲದೊಳಗೆ ಕೇಬಲ್ ಎಳೆದವನು ಸದ್ಯಕ್ಕಣ್ಣನೇ. ಎರಡನೇ ಮತ್ತು ಮೂರನೇ ಕಂಬದ ನಡುವೆ ಕೇಬಲ್ ಗಿಡ್ಡವಾಯಿತು. ಒಂದು ತುಂಡು ಸೇರಿಸಿ, ಟೇಪು ಸುತ್ತಿ, ಪೈಪೂ ಹಾಕದೆ ಮಣ್ಣು ಮುಚ್ಚಿದ. ಒಂದು ಮಳೆಗಾಲ ಕಳೆದದ್ದೇ, ಅಂಗಳದ ದೀಪ ಹಾಕಿದರೆ ಸಾಕು, ಒಳಗೆ ಟ್ರಿಪ್ಪರ್ ಬೀಳತೊಡಗಿತು. ಕರೆಂಟು ಎಲ್ಲೋ ಸೋರುತ್ತಿದೆ, ಹುಷಾರು ಎಂದು ಹೇಳಲೆಂದೇ ಇರುವ ಸ್ವಿಚ್ಚು ಅದು. ಮನೆಯವರಿಗೆ ಮಾತ್ರ ಟಿವಿ ಆರಿಸುವ ಪೀಡೆ.

"ಈ ದರಿದ್ರ ಟ್ರಿಪ್ಪರ್ರೇ ಕೆಟ್ಟಿದೆ ಕಣಯ್ಯಾ, ತಪ್ಪಿಸಿಬಿಡು" ಎಂದ ಮನೆಯ ಯಜಮಾನ.

ಸದ್ಯಕ್ಕಣ್ಣ ಟ್ರಿಪ್ಪರನ್ನು ತಪ್ಪಿಸಿ ಅಂಗಳದ ದೀಪಗಳಿಗೆ ಡೈರೆಕ್ಟಾಗಿ ಒಂದು ವೈರು ಕೊಟ್ಟ. ಐದೂ ದೀಪ ಹತ್ತಿದವು. ಎಲ್ಲರಿಗೂ ಖುಷಿಯೋ ಖುಷಿ. ಕೂಗುವವನ ಬಾಯಿಗೆ ಬಟ್ಟೆ ತುರುಕಿ, ಮನೆಯಲ್ಲಿ ಶಾಂತಿ ನೆಲೆಸಿತು ಎಂದು ನಂಬುವ ಜನ ನಾವು.

ಯಜಮಾನನ ತಾಯಿ, ಕಿವಿ ಮಂದವಾದ ಅಜ್ಜಿ, ದಿನಾ ಸಂಜೆ ಬರಿಗಾಲಲ್ಲಿ ಆ ಹುಲ್ಲಿನ ಮೇಲೆ ಸುತ್ತು ಹಾಕುವವರು. ಕೋಲು ಹಿಡಿಯಲಾರೆ ಎಂಬ ಹಟ. ಕಂಬದಿಂದ ಕಂಬಕ್ಕೆ ಕೈಯಿಟ್ಟು ನಡೆಯುತ್ತಿದ್ದರು.

"ಆ ಮೂರನೇ ಕಂಬ ಮುಟ್ಟಿದ್ರೆ ಜುಮ್ ಅನ್ನುತ್ತೆ ಕಣೇ."

"ಅದು ನರದ ವೀಕ್‌ನೆಸ್ ಅತ್ತೆ" ಎಂದಳು ಸೊಸೆ.

ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅಜ್ಜಿ ಮಾತ್ರೆ ನುಂಗಿದರು, ಕಂಬ ಮುಟ್ಟಿದರು, ಕಂಬ ಜುಮ್ಮೆಂದಿತು. ಮಾತ್ರೆಯ ಡೋಸು ಏರಿತು. ಮನೆಯ ಬೆಕ್ಕೂ ಆ ಕಂಬವನ್ನು ದೂರದಿಂದ ಬಳಸಿಕೊಂಡು ಹೋಗುತ್ತಿತ್ತು. ಬೆಕ್ಕಿಗೆ ಯಾರೂ ಮಾತ್ರೆ ಕೊಡಲಿಲ್ಲ.

ಕೆಲವು ತಿಂಗಳ ಮೇಲೆ ಮೂರನೇ ಕಂಬದಿಂದಾಚೆಯ ದೀಪಗಳು ಮಿಣುಕತೊಡಗಿದವು. ಮತ್ತೆ ಸದ್ಯಕ್ಕಣ್ಣನಿಗೆ ಫೋನು. ಈ ಸಲ ಅವಸರವಿತ್ತು. ಮನೆ ಮಾರಾಟಕ್ಕಿತ್ತು, ಮರುದಿನ ಸಂಜೆ ಕೊಳ್ಳುವವರು ನೋಡಲು ಬರುವವರಿದ್ದರು.

ಅವನು ಮೂರನೇ ಕಂಬದ ಬಳಿ ಕುಕ್ಕರಗಾಲಲ್ಲಿ ಕೂತ. ಬುಡದ ಸುತ್ತ ಎರೆಹುಳುಗಳು ಮೇಲೆದ್ದು ಬಂದು ಸತ್ತು, ದಾರದ ತುಂಡುಗಳಂತೆ ಒಣಗಿ ಬಿದ್ದಿದ್ದವು. ಬೇರೆ ಯಾವ ಕಂಬದ ಬುಡದಲ್ಲೂ ಹಾಗಿರಲಿಲ್ಲ. ದೀಪ ಹಾಕಿಸಿ, ಜೇಬಿನಿಂದ ಟೆಸ್ಟರ್ ತೆಗೆದು ಕಬ್ಬಿಣಕ್ಕೆ ತಾಗಿಸಿದ. ಟೆಸ್ಟರಿನೊಳಗೆ ಕೆಂಪು ಕಣ್ಣು ತೆರೆಯಿತು.

"ನಿಂಗೂ ಜುಮ್ ಅಂತಾ ಮಗಾ?" ಅಜ್ಜಿ ಹಿಂದೆ ಬಂದು ನಿಂತಿದ್ದರು.

"ಯಾವಾಗಿಂದ ಹಿಂಗೆ ಅಜ್ಜಿ?" ಎಂದು ಕೂಗಿ ಕೇಳಿದ.

"ನೀನು ಬಂದು ರಿಪೇರಿ ಮಾಡಿ ಹೋದಾಗಿಂದ."

ಅವನು ಎದ್ದ. ಮೇನ್ ಆಫ್ ಮಾಡಿ, ಒಂದೊಂದೇ ಕಂಬದ ಕೆಳಗಿನ ಪುಟ್ಟ ಬಾಗಿಲು ತೆರೆದು, ತಂತಿಗಳನ್ನು ಬಿಡಿಸಿ, ಕಂಬದಿಂದ ಕಂಬಕ್ಕೆ ಕೇಬಲನ್ನು ಬೇರೆ ಬೇರೆಯಾಗಿ ಸೋರಿಕೆ ಇದ್ದರೆ ಮುಳ್ಳು ಮಲಗಿಸಿ ತೋರಿಸುವ ಮೆಗ್ಗರಿನಲ್ಲಿ ಪರೀಕ್ಷಿಸಿದ. ಮುಳ್ಳು ಮಲಗಿದ್ದು ಎರಡು ಮತ್ತು ಮೂರರ ನಡುವೆ, ಅವನಿಗೆ ಗೊತ್ತಿದ್ದ ಜಾಗದಲ್ಲೇ. ಹುಲ್ಲು ಕಿತ್ತು ಅಗೆದ. ಅವನದೇ ಟೇಪು, ಕೊಳೆತ ಬಾಳೆಪಟ್ಟೆಯಂತೆ ಕೈಗೆ ಬಂತು. ಆ ಜಾಯಿಂಟನ್ನು ಕತ್ತರಿಸಿ ಮತ್ತೆ ನೋಡಿದ. ಮುಳ್ಳು ಏಳಲಿಲ್ಲ. ನೀರು ಕೇಬಲಿನೊಳಗೇ ಉದ್ದಕ್ಕೂ ಇಳಿದಿತ್ತು. ಅರ್ಥಿಂಗ್ ತಂತಿ ಹಸಿರುಗಟ್ಟಿ ತುಂಡಾಗಿತ್ತು. ಸೋರಿದ ಕರೆಂಟಿಗೆ ಹೋಗಲು ಬೇರೆ ದಾರಿ ಉಳಿದಿರಲಿಲ್ಲ, ಕಂಬ ಮುಟ್ಟಿದವರ ಮೈಯೊಂದನ್ನು ಬಿಟ್ಟರೆ.

ತಾನೇ ಕೊಟ್ಟಿದ್ದ ಡೈರೆಕ್ಟ್ ವೈರನ್ನು ಕಿತ್ತುಹಾಕಿ, ಯಜಮಾನನ ಮುಂದೆ ನಿಂತ.

"ತಪ್ಪು ನಂದೇ ಸಾರ್. ಪೂರ್ತಿ ಅಗೆದು, ಪೈಪಿನೊಳಗೆ ಹೊಸ ಕೇಬಲ್ ಹಾಕ್ಬೇಕು."

"ನಾಳೆ ಜನ ಬರ್ತಾರೆ, ನೀನು ಲಾನ್ ಅಗೀತೀನಿ ಅಂತೀಯಲ್ಲ, ತಲೆ ಕೆಟ್ಟಿದ್ಯಾ? ನಾಳೆ ಒಂದು ಸಂಜೆ ಉರಿದ್ರೆ ಸಾಕು. ನಿನ್ನ ಮಾತೇ ಅಲ್ವೇನಯ್ಯಾ, ಸದ್ಯಕ್ಕೆ?"

"ಅಜ್ಜಿ ಜೀವ ಹೋಗುತ್ತೆ ಸಾರ್."

"ಬಾಯಿಗೆ ಬಂದಂಗೆ ಮಾತಾಡ್ಬೇಡ. ಇಷ್ಟು ದಿನ ಹೋಯ್ತಾ?"

"ನೀವು ನೀರು ಬಿಡೋದು ಬೆಳಿಗ್ಗೆ, ದೀಪ ಹಾಕೋದು ಸಂಜೆ. ಅದಕ್ಕೆ ಬಚಾವಾದ್ರು. ನೆಲ ನೆಂದಿರೋವಾಗ ದೀಪ ಹಾಕಿದ್ರೆ ಜುಮ್ ಅನ್ನಲ್ಲ ಸಾರ್, ಹಿಡ್ಕೊಂಡ್ಬಿಡುತ್ತೆ."

"ಆಯ್ತು, ನೀನು ಹೊರಡು. ನೀನೊಬ್ನೇನಾ ಇರೋದು?"

ಮರುದಿನ ಅವನ ಕೈ ಯಾವ ಕೆಲಸದಲ್ಲೂ ನಿಲ್ಲಲಿಲ್ಲ. ಸಂಜೆ ಬೈಕನ್ನು ಬೀದಿಯ ಕೊನೆಗೆ ತಿರುಗಿಸಿದ. ದೂರದಿಂದಲೇ ಕಂಡಿತು: ಐದೂ ದೀಪ ಉರಿಯುತ್ತಿದ್ದವು. ಬೇರೆ ಯಾವನೋ ಸದ್ಯಕ್ಕಣ್ಣ ಬಂದು, ಕತ್ತರಿಸಿದ ಕೇಬಲಿಗೆ ಮತ್ತೆ ಟೇಪು ಸುತ್ತಿ, ಹುಲ್ಲು ಮುಚ್ಚಿ, ಡೈರೆಕ್ಟ್ ವೈರೂ ಕೊಟ್ಟು ಹೋಗಿದ್ದ. ನಮ್ಮಲ್ಲಿ ಅಂಥವರಿಗೆ ಬರವಿಲ್ಲ. ಬಂದವರ ಕಣ್ಣಿಗೆ ಹಸಿರು ಕಾಣಲೆಂದು ಹುಲ್ಲಿಗೆ ಆಗಷ್ಟೇ ನೀರು ಬಿಟ್ಟಿದ್ದರು. ಒಂದೊಂದು ಎಸಳಿನ ತುದಿಯಲ್ಲೂ ಹನಿ ಹೊಳೆಯುತ್ತಿತ್ತು. ಅಷ್ಟು ಚೆಂದದ ಅಂಗಳವನ್ನು ಅವನು ಆ ಬೀದಿಯಲ್ಲಿ ಕಂಡಿರಲಿಲ್ಲ.

ಗೇಟಿಗೆ ಒಳಗಿನಿಂದ ಬೀಗ. ಯಜಮಾನ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೊಳ್ಳುವವರಿಗೆ ಬಾಗಿಲಿನ ಕೆತ್ತನೆ ತೋರಿಸುತ್ತಿದ್ದ. ಅಜ್ಜಿ ಬರಿಗಾಲಲ್ಲಿ ಎರಡನೇ ಕಂಬ ದಾಟಿದ್ದರು. ಬಲಗೈ ಆಗಲೇ ಮುಂದಕ್ಕೆ ಚಾಚಿತ್ತು.

"ಅಜ್ಜೀ! ಮುಟ್ಟಬೇಡಿ! ಅಜ್ಜೀ!"

ಅಜ್ಜಿಗೆ ಕೇಳಿಸಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟರು.

ಗೇಟಿನ ಪಕ್ಕದ ಗೋಡೆಯಲ್ಲಿ, ಬೀದಿಯ ಕಡೆಗೆ, ಮೀಟರ್ ಪೆಟ್ಟಿಗೆ. ಅದರ ಬಾಗಿಲು ಕಿತ್ತು, ಫ್ಯೂಸಿನ ಪಿಂಗಾಣಿ ಹಿಡಿಯನ್ನು ಒಂದೇ ಎಳೆತಕ್ಕೆ ಎಳೆದ. ಇಡೀ ಮನೆ ಕಪ್ಪಾಯಿತು.

"ಯಾವನೋ ಅವ್ನು?" ಯಜಮಾನ ಗೇಟಿಗೆ ಓಡಿ ಬಂದ.

"ನಾನೇ ಸಾರ್."

"ಹಾಕೋ ಫ್ಯೂಸು! ಪೊಲೀಸ್ ಕರೀತೀನಿ ನೋಡು!"

"ಕರೀರಿ. ಇಲ್ಲಾಂದ್ರೆ ಚಪ್ಪಲಿ ಬಿಟ್ಟು ಹೋಗಿ ಆ ಕಂಬ ಹಿಡ್ಕೊಳ್ಳಿ. ಈಗಲೇ ಹಾಕ್ತೀನಿ."

ಯಜಮಾನ ಗೇಟಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಜಗಲಿಯಿಂದ ಕೊಳ್ಳುವವರು ಕೇಳಿದರು: "ಯಾವ ಕಂಬ? ಏನಾಗಿದೆ ಅದಕ್ಕೆ?"

ಕತ್ತಲಲ್ಲಿ, ಒದ್ದೆ ಹುಲ್ಲಿನ ನಡುವಿನಿಂದ ಅಜ್ಜಿಯ ದನಿ ಬಂತು, ಮೂರನೇ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ ಅಜ್ಜಿಯ ದನಿ.

"ಇವತ್ತು ಜುಮ್ ಅನ್ಲಿಲ್ಲ ಕಣೋ. ಮಾತ್ರೆ ಹಿಡೀತು ಅನ್ಸುತ್ತೆ."