ಮಳೆಯಲ್ಲಿ ಕೆಂಪು ಚುಕ್ಕಿ, ಗಣಿಯಲ್ಲಿ ಕಿರುಬ

ನಾನು ಚಿಂಚೋಳಿಯಲ್ಲಿ ಪಶುವೈದ್ಯೆ. ಅರಣ್ಯದವರು ಕರೆದಾಗ ಕಾಡುಪ್ರಾಣಿಗಳನ್ನೂ ನೋಡುತ್ತೇನೆ. ಹತ್ತಿರ ಹೋಗಲಾಗದ ಪ್ರಾಣಿಗೆ ದೂರದಿಂದಲೇ ಅರಿವಳಿಕೆಯ ಸೂಜಿ ಹಾರಿಸುವ ಬಂದೂಕು ಒಂದಿದೆ. ಹಿಂದಿನ ದಿನ ಗುಂಡಗುರ್ತಿ ಕಡೆ ಕೆಲಸವಿದ್ದುದರಿಂದ ಅದು ಕಾರಿನಲ್ಲೇ ಇತ್ತು. ರಾತ್ರಿ ವಾಡಿಯ ತವರುಮನೆಯಲ್ಲಿ ಉಳಿದು, ಮುಂಜಾನೆ ಅಪ್ಪನ ಮೊಣಕಾಲು ತೋರಿಸಲು ಕಲಬುರಗಿಗೆ ಹೊರಟಿದ್ದೆವು. ಜಿಟಿಜಿಟಿ ಮಳೆ.

ಶಹಾಬಾದ್ ಹತ್ತಿರ ಬರುವಾಗ ಅರಣ್ಯ ಇಲಾಖೆಯ ಗಾರ್ಡ್ ಫೋನ್ ಮಾಡಿದ. "ಮೇಡಂ, ಭಂಕೂರ ಕಡೆ ಹಳೇ ಫರ್ಸಿ ಗಣಿಯೊಳಗ ಕಿರುಬ ಬಿದ್ದದರಿ. ನೀರು ಏರಾಕತ್ತದ. ಲಗೂ ಬರ್ರಿ."

ಅಪ್ಪನ ಮುಖ ನೋಡಿದೆ. "ನಡಿ, ಮೊಣಕಾಲು ಎಲ್ಲಿ ಓಡಿ ಹೋಗ್ತದ," ಅಂದರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಅಪ್ಪ ನನ್ನ ಕೆಲಸವನ್ನು ಅಲ್ಲಿಯತನಕ ಕಣ್ಣಾರೆ ನೋಡಿರಲಿಲ್ಲ.

ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆಯಲು ಗೋಡೆಯ ಹಾಗೆ ನೆಟ್ಟಗೆ ಕೊರೆದ ಗಣಿ. ನೀರಿನ ಮೇಲೆ ಉಳಿದಿದ್ದ ಒಂದು ಕಲ್ಲಿನ ಕಟ್ಟೆಯ ಮೇಲೆ ಕತ್ತೆಕಿರುಬ ನಡುಗುತ್ತ ನಿಂತಿತ್ತು. ಬಲೆ ಇಳಿಸಿದರೆ ಹಲ್ಲು ಕಿರಿದು ಹಿಂದೆ ಸರಿಯುತ್ತಿತ್ತು. ಸೂಜಿ ಹಾರಿಸಬೇಕು, ಆದರೆ ಮಂಪರಿನಲ್ಲಿ ನೀರಿಗೆ ಬಿದ್ದರೆ ಮುಳುಗಿಬಿಡುತ್ತದೆ. ಅದಕ್ಕೆ ಇಬ್ಬರು ಗಾರ್ಡುಗಳು ನಡುವಿಗೆ ಹಗ್ಗ ಕಟ್ಟಿಕೊಂಡು ಆಚೆ ಮೂಲೆಯಿಂದ ನೀರಿಗಿಳಿದು, ಬಲೆ ಹಿಡಿದು ಕಾದು ನಿಂತರು.

ಬಂದೂಕಿನ ಮೇಲೆ ಗುರಿ ಹಿಡಿಯಲು ಹೊಸದಾಗಿ ರೆಡ್ ಡಾಟ್ ಕೂಡಿಸಿದ್ದರು. ಚಿಕ್ಕ ಗಾಜಿನೊಳಗೆ ಒಂದು ಕೆಂಪು ಚುಕ್ಕಿ. ಅದು ಎಲ್ಲಿ ಕೂತಿತೋ ಸೂಜಿ ಅಲ್ಲಿಗೇ. ಬಿಸಿಲಲ್ಲಿ ಅಭ್ಯಾಸ ಮಾಡಿದ್ದೆ, ಮಳೆಯಲ್ಲಿ ಅದೇ ಮೊದಲು. ಗುರಿ ಹಿಡಿದೆ. ಗಾಜಿನ ಮೇಲೆ ಹನಿ ಬಿದ್ದು ಚುಕ್ಕಿ ಒಡೆದು ಚೆಲ್ಲಾಡಿತು. ಹೆಗಲ ಮೇಲಿನ ಒದ್ದೆ ಓಢಣಿಯಿಂದ ಒರೆಸಿದೆ, ಇನ್ನಷ್ಟು ಮಸುಕಾಯಿತು. ನನ್ನ ಉಸಿರಿಗೆ ಕಣ್ಣಿನ ಕಡೆಯ ಗಾಜೂ ಮಬ್ಬಾಯಿತು.

ಅಷ್ಟರಲ್ಲಿ ಗಾಜಿನ ಮೇಲೆ ಹನಿ ಬೀಳುವುದು ನಿಂತಿತು. ಅಪ್ಪ ಕುಂಟುತ್ತ ಬಂದು ಛತ್ರಿ ಹಿಡಿದಿದ್ದರು. ನನಗಲ್ಲ, ಬಂದೂಕಿಗೆ.

"ಅಪ್ಪಾ, ಜಾರ್ತೀರಿ. ಕಾರಿನಾಗ ಕುಂದ್ರಿ."

"ನನ್ನ ಕಡಿ ಯಾಕ ನೋಡ್ತಿ ಅವ್ವಾ? ಅದರ ಕಡಿ ನೋಡು."

ಬಂದೂಕಿನ ಪೆಟ್ಟಿಗೆಯಿಂದ ಒಣ ಬಟ್ಟೆ ತೆಗೆದು ಗಾಜಿಗೆ ಮೆಲ್ಲಗೆ ಒತ್ತಿ ನೀರು ತೆಗೆದೆ. ಗಾಬರಿಯಲ್ಲಿ ಚುಕ್ಕಿಯ ಬೆಳಕು ಜಾಸ್ತಿ ಮಾಡಿದ್ದೆ, ತಗ್ಗಿಸಿದೆ. ಬಾಯಿ ಪಕ್ಕಕ್ಕೆ ತಿರುಗಿಸಿ ಉಸಿರು ಬಿಟ್ಟೆ. ಎರಡೂ ಕಣ್ಣು ತೆರೆದು, ಚುಕ್ಕಿಯನ್ನಲ್ಲ, ಕಿರುಬದ ತೊಡೆಯನ್ನು ದಿಟ್ಟಿಸಿದೆ. ಚುಕ್ಕಿ ತಾನಾಗಿಯೇ ಬಂದು ಅಲ್ಲಿ ಕೂತಿತು. ಬಂದೂಕಿನ ಕುದುರೆ ಎಳೆದೆ.

ಸೂಜಿ ತೊಡೆಗೆ ನಾಟಿತು. ಕಿರುಬ ಬೆಚ್ಚಿ ಸುತ್ತ ತಿರುಗಿತು, ಸ್ವಲ್ಪ ಹೊತ್ತಿಗೆ ಕೂತಿತು, ಆಮೇಲೆ ವಾಲುತ್ತ ವಾಲುತ್ತ ನೀರಿಗೆ ಜಾರಿತು. ಗಾರ್ಡುಗಳು ಧಾವಿಸಿ ಅದರ ಮೂತಿಯನ್ನು ನೀರಿನಿಂದ ಮೇಲೆತ್ತಿ ಹಿಡಿದರು. ಬಲೆಯಲ್ಲಿ ಮೇಲೆ ತಂದೆವು.

ಕಣ್ಣಿಗೆ ಬಟ್ಟೆ ಕಟ್ಟಬೇಕಿತ್ತು. ಅಪ್ಪ ಹೆಗಲ ಮೇಲಿನ ಶಾಲು ತೆಗೆದುಕೊಟ್ಟರು. ಕಿರುಬವನ್ನು ತಿರುಗಿಸಿ ಮಲಗಿಸಿದಾಗ ಕಂಡೆ: ಮೊಲೆಗಳು ಹಾಲು ತುಂಬಿ ಬಿಗಿದಿದ್ದವು.

"ಚಿಂಚೋಳಿ ಅಡವ್ಯಾಗ ಬಿಡೂನ್ರಿ ಅಂತ ಸಾಹೇಬ್ರು ಹೇಳ್ಯಾರ," ಅಂದ ಗಾರ್ಡ್.

"ಬ್ಯಾಡ. ಇದರ ಮರಿ ಇಲ್ಲೇ ಎಲ್ಲೋ ಇದ್ದಾವ," ಅಂದೆ. ಅರಣ್ಯಾಧಿಕಾರಿ ಸಾಹೇಬರಿಗೆ ನಾನೇ ಫೋನ್ ಮಾಡಿ ಒಪ್ಪಿಸಿದೆ.

ಅಪ್ಪ ಕಲ್ಲಿನ ಮೇಲೆ ಕೂತು, ಕಿರುಬದ ಪಕ್ಕೆಯ ಮೇಲೆ ಅಂಗೈ ಇಟ್ಟರು. ಉಸಿರಿನೊಂದಿಗೆ ಕೈ ಏರುತ್ತಿತ್ತು, ಇಳಿಯುತ್ತಿತ್ತು. "ಭಾಳ ದಣದದ," ಅಂದರು. ನಾನು ಸಣ್ಣವಳಿದ್ದಾಗ ಜ್ವರ ಬಂದರೆ ಹೀಗೇ ಕೂರುತ್ತಿದ್ದರು.

ಮಳೆ ನಿಂತ ಮೇಲೆ ಅದನ್ನು ಗಣಿಯಾಚೆಯ ಜಾಲಿ ಪೊದೆಗಳ ಹತ್ತಿರ ಒಯ್ದು, ಎಚ್ಚರದ ಇಂಜೆಕ್ಷನ್ ಕೊಟ್ಟು ದೂರ ಸರಿದೆವು. ಎದ್ದಿತು, ಮುಗ್ಗರಿಸಿತು, ಮತ್ತೆ ಎದ್ದು ತಿರುಗಿ ನೋಡದೆ ಪೊದೆಯೊಳಗೆ ಹೋಯಿತು.

ಮುಂದಿನ ವಾರ ಗಾರ್ಡ್ ಫೋನ್ ಮಾಡಿದ. ಕೆಸರಿನಲ್ಲಿ ದೊಡ್ಡ ಹೆಜ್ಜೆಗಳ ಜೊತೆ ಸಣ್ಣ ಹೆಜ್ಜೆಗಳೂ ಸಿಕ್ಕಿದ್ದವಂತೆ. ಕೂಡಲೇ ಅಪ್ಪನಿಗೆ ಫೋನ್ ಮಾಡಿ ಹೇಳಿದೆ.

"ಎಷ್ಟ ಮರಿ?"

"ಎರಡ ಇರಬೇಕು ಅಂತಾರಪ್ಪಾ."

ಫೋನಿನಾಚೆ ಅಪ್ಪ ಅಡುಗೆಮನೆಯಲ್ಲಿದ್ದ ಅವ್ವನತ್ತ ತಿರುಗಿ ಜೋರಾಗಿ ಹೇಳಿದ್ದು ನನಗೂ ಕೇಳಿಸಿತು: "ಏ, ಕೇಳಿದೇನು? ಎರಡೂ ಮರಿಗೆ ಅವ್ವ ಸಿಕ್ಕಳಂತ!"