ಟ್ರಿನಿಡಾಡ್ ಬೇಳೆಗೆ ಆರು ಶುಕ್ರವಾರ

ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಾದ ಕೂಡಲೇ ಖೈರುನ್ನಿಸ ಒಲೆ ಆರಿಸಿದರು. ಹಿಂದೆ ನಿಂತಿದ್ದ ಆನ್ಸೆಲ್ಮ್ ತಲೆ ಅಲ್ಲಾಡಿಸಿ ಇಂಗ್ಲಿಷಿನಲ್ಲಿ ಹೇಳಿದರು: "ಮತ್ತೆ ಬೇಗ ಆರಿಸಿದಿರಿ, ಮೇಡಂ. ಕಪ್ಪಾಗಬೇಕು."

"ಕಪ್ಪಾದರೆ ಕರಟಿದ ಹಾಗಲ್ವಾ?"

"ನಮ್ಮಲ್ಲಿ ಅದೇ ರುಚಿ."

ಗಲ್ಫಿನ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಆ ಚಿಕ್ಕ ಫ್ಲ್ಯಾಟಿನಲ್ಲಿ ಇದು ಆರನೆಯ ಶುಕ್ರವಾರ. ನಲವತ್ತಾರು ವರ್ಷದ ಖೈರುನ್ನಿಸ ಉಳ್ಳಾಲದವರು. ಕರಾಮದ ಕ್ಲಿನಿಕ್ ಒಂದರಲ್ಲಿ ರಿಸೆಪ್ಷನಿಸ್ಟ್. 2009ರಿಂದ, ಐದು ವರ್ಷಗಳಿಂದ, ಒಂದೇ ಕಾದಂಬರಿ ಬರೆಯುತ್ತಿದ್ದಾರೆ. 1860ರಲ್ಲಿ ಮದರಾಸಿನಿಂದ ಹಡಗು ಹತ್ತಿ ಟ್ರಿನಿಡಾಡಿನ ಕಬ್ಬಿನ ತೋಟಕ್ಕೆ ಕೂಲಿಗೆ ಹೋದ ಮುನಿಯಮ್ಮ ಎಂಬ ಹೆಂಗಸಿನ ಕಥೆ. ಇಪ್ಪತ್ತೆರಡು ಅಧ್ಯಾಯಗಳಲ್ಲಿ ಒಂದು ಮಾತ್ರ ಬಾಕಿ: ಮುನಿಯಮ್ಮ ತೋಟದಲ್ಲಿ ಮಾಡುವ ಮೊದಲ ಅಡುಗೆ, ಬೇಳೆಸಾರು. ತಾನು ಮಾಡಿ ಉಣ್ಣದ್ದನ್ನು ಬರೆಯುವುದಿಲ್ಲ ಎಂಬುದು ಖೈರುನ್ನಿಸರ ಹಟ. ಅದಕ್ಕೇ ದೂರದ ಮದೀನತ್ ಜಾಯೆದ್ ಊರಿನಲ್ಲಿ ಕೆಲಸದಲ್ಲಿರುವ ಗಂಡ ಅಬ್ದುಲ್ ರವೂಫ್ ವಾರದ ರಜೆಗೆ ಬರುವಾಗ ಜತೆಯ ಟೆಕ್ನಿಷಿಯನ್ ಆನ್ಸೆಲ್ಮ್‌ರನ್ನೂ ಕರೆತರುತ್ತಾರೆ. ಆನ್ಸೆಲ್ಮ್ ಟ್ರಿನಿಡಾಡಿನವರು, ಅವರ ಹಿರಿಯರು ಭಾರತದವರು; ಅಲ್ಲಿನ ಬೇಳೆ ಮಾಡುವುದನ್ನು ಅವರೇ ಕಲಿಸುತ್ತಿದ್ದಾರೆ.

ಮಂಗಳೂರಿನ ಪ್ರಕಾಶಕ ಲಿಯೊನೆಲ್ ಬೆಳಿಗ್ಗೆಯೇ ಫೋನ್ ಮಾಡಿದ್ದರು. "ಖೈರಕ್ಕ, ಭಾನುವಾರ ಕಡೇ ದಿನ. ಒಂದು ಬೇಳೆಸಾರಿಗೆ ಎಷ್ಟು ತಿಂಗಳು ಮಾರಾಯ್ರೆ? ಬರದಿದ್ರೆ ಆ ಅಧ್ಯಾಯ ಬಿಟ್ಟೇ ಪ್ರಿಂಟ್ ಮಾಡ್ತೇನೆ."

ಖೈರುನ್ನಿಸ ಮತ್ತೆ ಎಣ್ಣೆ ಕಾಯಿಸಿದರು. ಈ ಸಲ ಕೈಕಟ್ಟಿ ನಿಂತರು. ಬೆಳ್ಳುಳ್ಳಿ, ಜೀರಿಗೆ ಎರಡೂ ಕಪ್ಪಾದವು. ಹೊಗೆಗೆ ಅಲಾರಂ ಬಡಿದುಕೊಂಡಿತು.

"ಮಮ್ಮಿ, ನಾಟ್ ಅಗೇನ್!" ಕೋಣೆಯೊಳಗಿಂದ ಮಗಳು ನಾಝಿಯಾ ಕೂಗಿದಳು.

"ಎಂಥದ್ದು ಮಾರಾಯ್ತಿ, ಬಿಲ್ಡಿಂಗೇ ಖಾಲಿ ಮಾಡಿಸ್ತೀಯಾ?" ರವೂಫ್ ಟವೆಲ್ ಬೀಸಿದರು.

ಒಗ್ಗರಣೆ ಬೇಳೆಗೆ ಬಿತ್ತು. ಆನ್ಸೆಲ್ಮ್ ಒಂದು ಚಮಚ ಬಾಯಿಗಿಟ್ಟರು. "ಇದೇ! ನನ್ನ ಅಜ್ಜಿ ಮಾಡುತ್ತಿದ್ದದ್ದು ಹೀಗೇ. ಅವರ ಹಿರಿಯರು ಬಿಹಾರದ ಕಡೆಯವರು, ಕಲ್ಕತ್ತೆಯಿಂದ ಹಡಗು ಹತ್ತಿದವರು."

ಖೈರುನ್ನಿಸರ ಕೈಯ ಸೌಟು ಅಲ್ಲೇ ನಿಂತಿತು. "ಮದರಾಸಿನಿಂದ ಹೋದವರು?"

"ಅವರ ಮನೆಯ ಅಡುಗೆ ಬೇರೆ, ಮೇಡಂ. ನನಗೆ ಗೊತ್ತಿಲ್ಲ."

"ಮೊದಲೇ ಹೇಳಬಹುದಿತ್ತಲ್ಲ?"

"ನೀವು ಬೇಳೆಯ ಬಗ್ಗೆ ಮಾತ್ರ ಕೇಳಿದಿರಿ."

ಕ್ಲಿನಿಕ್ಕಿಗೆ ಬರುವ ಪ್ರತಿ ಕರಾವಳಿಯವರನ್ನೂ ಖೈರುನ್ನಿಸ ಮೊದಲು ಕೇಳುವುದು "ಊರಲ್ಲಿ ಎಲ್ಲಿ?" ಎಂದು. ತೊಕ್ಕೊಟ್ಟು ಎಂದರೆ, ತೊಕ್ಕೊಟ್ಟಿನಲ್ಲಿ ಎಲ್ಲಿ ಎಂದೂ ಕೇಳುತ್ತಾರೆ. ಟ್ರಿನಿಡಾಡ್ ಎಂದ ಆನ್ಸೆಲ್ಮ್‌ರನ್ನು ಮಾತ್ರ ಇನ್ನೇನೂ ವಿಚಾರಿಸಿರಲಿಲ್ಲ.

"ಮುನಿಯಮ್ಮನನ್ನೂ ಕಲ್ಕತ್ತೆಯಲ್ಲೇ ಹಡಗು ಹತ್ತಿಸಿಬಿಡು, ಖಲಾಸ್," ಎಂದು ರವೂಫ್ ನಕ್ಕರು.

"ಮೊದಲ ಮೂರು ಅಧ್ಯಾಯ ಪೂರಾ ಮದರಾಸೇ ಉಂಟು!" ಖೈರುನ್ನಿಸ ಬಾಣಲೆಯನ್ನು ಸಿಂಕಿಗೆ ಕುಕ್ಕಿದರು. "ನಿಮಗೆಲ್ಲ ತಮಾಷೆ."

ಭಾನುವಾರ ಅವರು ಲಿಯೊನೆಲ್‌ಗೆ ಕಳಿಸಿದ್ದು ಇಪ್ಪತ್ತೊಂದು ಅಧ್ಯಾಯ. ಕಾದಂಬರಿ ನವೆಂಬರಿನಲ್ಲಿ ಅಚ್ಚಿಗೆ ಹೋಗುತ್ತದೆ. ಮುನಿಯಮ್ಮನ ಮೊದಲ ಅಡುಗೆ ಅದರಲ್ಲಿ ಇರುವುದಿಲ್ಲ.